ಗೋಡಂಬಿ ಡಬ್ಬಿಯ ಕಲಬೆರಕೆ

ಒಂದು ಮನೆಯ ಬೆಳಗಿನ ಕಾಫಿಯಿಂದ ಹಾಲು ಹೊರಟುಹೋದ ಸಂಗತಿಯನ್ನು ಚರಿತ್ರೆ ಬರೆಯುವವರು ಇನ್ನೂ ಗಮನಿಸಿದಂತಿಲ್ಲ. ಅವರು ಯುದ್ಧಗಳ ಬಗ್ಗೆ ಬರೆದರು, ಸಿಂಹಾಸನ ಕಳೆದುಕೊಂಡು ಗಡಿ ದಾಟಿದ ದೊರೆಗಳ ಬಗ್ಗೆ ಸಂಪುಟಗಟ್ಟಲೆ ಬರೆದರು. ಆದರೆ ನಿವೃತ್ತ ಆಹಾರ ಇನ್‌ಸ್ಪೆಕ್ಟರೊಬ್ಬರು ಒಂದು ಸೋಮವಾರ ಫ್ರಿಜ್ಜಿನ ಬಾಗಿಲು ತೆಗೆದು, ಹಾಲಿನ ಪಾತ್ರೆ ಇರುತ್ತಿದ್ದ ಜಾಗದಲ್ಲಿ ಓಟ್ಸ್ ರುಬ್ಬಿ ಸೋಸಿದ ಮಾಸಲು ನೀರಿನ ಬಾಟಲಿ ಕಂಡು, ಬಾಗಿಲು ಮುಚ್ಚುವುದನ್ನೇ ಮರೆತು ನಿಂತದ್ದರ ಬಗ್ಗೆ ಎಲ್ಲಿಯೂ ಒಂದು ಸಾಲಿಲ್ಲ. ಈ ಲೋಪವನ್ನು ತುಂಬಲೇಬೇಕು. ಮುಂದೆ ನಡೆದ ಅಪರಾಧ ಹುಟ್ಟಿದ್ದು ಆ ಬಾಟಲಿಯ ಮುಂದೆ.

ಬೀದಿಯವರು ಬೆನ್ನ ಹಿಂದೆ ಅವರನ್ನು ಕಲಬೆರಕೆ ಸಾಹೇಬರು ಎಂದೂ ಮುಖದ ಮುಂದೆ ಬರೀ ಸಾಹೇಬರು ಎಂದೂ ಕರೆಯುತ್ತಿದ್ದರು. ಮೂವತ್ತು ವರ್ಷ ಮೆಣಸಿನ ಪುಡಿಯಲ್ಲಿ ಇಟ್ಟಿಗೆಯನ್ನೂ ಟೊಮೆಟೊ ಸಾಸಿನಲ್ಲಿ ಕುಂಬಳಕಾಯಿಯನ್ನೂ ಹುಡುಕಿ ತೆಗೆದ ಕೈ ಅದು. ಅವರು ಅಂಗಡಿ ಸಾಲಿಗೆ ಕಾಲಿಟ್ಟರೆ ಶಟರು ಇಳಿಯುವ ಸದ್ದು ಅವರಿಗಿಂತ ಮುಂದೆ ಓಡುತ್ತಿತ್ತು. ಮನೆಗೆ ಬಂದ ಮೇಲೂ ಸುಮ್ಮನಿರುವ ಜೀವವಲ್ಲ; ಊಟಕ್ಕೆ ಕೂತಾಗಲೆಲ್ಲ ಹೆಂಡತಿಗೆ ಪಾಠ ನಡೆಯುತ್ತಿತ್ತು. ತಿನ್ನುವುದರಲ್ಲಿ ಏನಿದೆ ಎಂದು ತಿಳಿಯದೆ ಬಾಯಿ ತೆರೆಯಬಾರದು ಎಂಬುದು ಪಾಠದ ಸಾರ. ಆಕೆ ಹೂಂ ಎನ್ನುತ್ತ ಬಡಿಸುತ್ತಿದ್ದಳು. ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದಳು ಎಂಬುದು ಅವರಿಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ.

ಮೊದಲು ಬಿಸ್ಕತ್ತು ಹೋಯಿತು. ಆಮೇಲೆ ಬೆಣ್ಣೆ, ಮೊಟ್ಟೆ, ಚೀಸು. ಕೊನೆಗೆ ಹಾಲು. "ಹಸುವಿಗೆ ಏನು ಚುಚ್ತಾರೆ, ಏನು ತಿನ್ನಿಸ್ತಾರೆ, ಕರುವನ್ನ ಎಲ್ಲಿಗೆ ಕಳಿಸ್ತಾರೆ, ಎಲ್ಲಾ ನೀವೇ ಅಲ್ವೇನ್ರೀ ಹೇಳಿದ್ದು?" ಎಂದಳು ಹೆಂಡತಿ. "ನಾನು ಈಗ ನಂಬಿದೀನಿ, ಅಷ್ಟೆ." ತನ್ನದೇ ಪಾಠ ತನ್ನ ಕೊರಳಿಗೆ ಸುತ್ತಿಕೊಂಡವನ ಸಂಕಟ ಬೇರೆಯವರಿಗೆ ಅರ್ಥವಾಗುವುದಿಲ್ಲ.

ಅಡುಗೆ ಕೆಟ್ಟಿತ್ತೇ ಎಂದರೆ, ಅದೂ ಇಲ್ಲ. ಅದೇ ಅವರಿಗೆ ಹೆಚ್ಚು ಉರಿ. ಹುರಿದ ಗೋಡಂಬಿಯನ್ನು ಪುಡಿ ಮಾಡಿ ಡಬ್ಬಿಯಲ್ಲಿಟ್ಟಿರುತ್ತಿದ್ದಳು. ಆಲೂಗಡ್ಡೆ ಬೇಯಿಸಿ, ಎರಡು ಚಮಚ ಪುಡಿ ಕದಡಿ, ಮೇಲೆ ಕಾಳುಮೆಣಸು ಕುಟ್ಟಿ ಹಾಕಿದರೆ ಸೂಪು. ಕೈತುಂಬ ಕೆಲಸವಿಲ್ಲ, ಪಾತ್ರೆ ರಾಶಿಯಿಲ್ಲ. ಸಾಹೇಬರು ಎರಡು ಬಟ್ಟಲು ಕುಡಿದು, ಏನೋ ಕೊರತೆಯಿದೆ ಎಂಬ ಮುಖ ಮಾಡಿ ಏಳುತ್ತಿದ್ದರು. ಆದರೆ ಕಾಫಿ? ಓಟ್ಸ್ ನೀರು ಬೆರೆಸಿದ ಕಾಫಿ ಕುಡಿದರೆ ನೆನೆದ ರಟ್ಟನ್ನು ನೆಕ್ಕಿದ ಹಾಗಾಗುತ್ತಿತ್ತು. "ಅಷ್ಟು ಬೇಕಿದ್ರೆ ಹೋಟೆಲಿಗೆ ಹೋಗಿ ಕುಡೀರಿ, ನಾನೇನು ಬೇಡ ಅಂದ್ನಾ?" ಎಂದಳು ಆಕೆ. ಊರಿನ ಒಂದೊಂದು ಹೋಟೆಲಿನ ಅಡುಗೆಮನೆಯನ್ನೂ ಒಳಹೊಕ್ಕು ನೋಡಿದ ಮನುಷ್ಯ ಯಾವ ಧೈರ್ಯದಲ್ಲಿ ಹೋಟೆಲಿನಲ್ಲಿ ಕಾಫಿ ಕುಡಿದಾನು?

ಇಷ್ಟಕ್ಕೇ ನಿಂತಿದ್ದರೆ ಸಾಹೇಬರು ಗೊಣಗುತ್ತ ಕಾಲ ಹಾಕುತ್ತಿದ್ದರೇನೋ. ಆದರೆ ಸೂಪಿನ ರುಚಿ ಬೀದಿಗೆ ಹಬ್ಬಿತು. ಎದುರುಮನೆಯ ಟೀಚರು ಕಲಿಯಲು ಬಂದರು. ಡಾಕ್ಟರಿಂದ ಬೈಸಿಕೊಂಡ ಬಸ್ ಡ್ರೈವರು ಬಂದ. ಅವರ ಹಿಂದೆ ಇನ್ನಷ್ಟು ಮಂದಿ. ಭಾನುವಾರದ ಬೆಳಗ್ಗೆ ಅವರ ನಡುಮನೆ ಅಡುಗೆ ಶಾಲೆಯಾಯಿತು. ಸಾಹೇಬರ ಆರಾಮ ಕುರ್ಚಿ ಬಾಲ್ಕನಿಗೆ ಹೋಯಿತು, ಅದರ ಜೊತೆ ಸಾಹೇಬರೂ ಹೋದರು. ಆಹಾರದ ವಿಷಯದಲ್ಲಿ ಆ ಮನೆಯಲ್ಲಿ ಈಗ ಯಾರೂ ಅವರ ಮಾತು ಕೇಳುತ್ತಿರಲಿಲ್ಲ. ಡ್ರೈವರು ಒಮ್ಮೆ ಅವರ ಎದುರೇ, "ಅಕ್ಕಾ, ಈ ಎಣ್ಣೆ ಒಳ್ಳೇದಾ ನೋಡಿ ಹೇಳಿ," ಎಂದು ಬಾಟಲಿಯನ್ನು ಆಕೆಯ ಕೈಗೆ ಕೊಟ್ಟ. ಸಾಹೇಬರು ಅರ್ಧ ಚಾಚಿದ ಕೈಯಿಂದ ತಲೆ ಕೆರೆದುಕೊಂಡರು.

ಒಂದು ಸಂಜೆ ಅವರು ತಡೆಯಲಾರದೆ ಅಂದುಬಿಟ್ಟರು: "ಹಾಲಿಲ್ದೆ ಈ ರುಚಿ ಬರೋದು ಸಾಧ್ಯ ಇಲ್ಲ. ನೀನು ಕದ್ದು ಏನೋ ಹಾಕ್ತಿದೀಯ."

ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನನ್ನ ಅಡುಗೇಲಿ ಒಂದು ತೊಟ್ಟು ಹಾಲು ಇದೆ ಅಂತ ತೋರಿಸಿ. ಅವತ್ತೇ ಕ್ಲಾಸು ಬಂದ್. ಮಾರನೇ ಬೆಳಿಗ್ಗೆ ನಿಮ್ಮ ಹಾಲು ನಾನೇ ಕಾಯಿಸಿಕೊಡ್ತೀನಿ. ಆಯ್ತಾ?"

ಆಕೆ ಕೋಪದಲ್ಲಿ ಅಂದ ಮಾತು. ಸಾಹೇಬರು ಅದನ್ನು ಕಾನೂನಿನ ಕಲಮಿನಂತೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. ಹಾಲು ತೋರಿಸಬೇಕು. ಇಲ್ಲದಿದ್ದರೆ, ಇರುವಂತೆ ಮಾಡಬೇಕು.

ಕಲಬೆರಕೆ ಮಾಡುವವರ ಮೂರ್ಖತನವನ್ನು ಅವರಷ್ಟು ಹತ್ತಿರದಿಂದ ಕಂಡವರಿಲ್ಲ. ದುರಾಸೆಯಿಂದ ಒಂದೇ ಸಲ ಮೂಟೆಗಟ್ಟಲೆ ಬೆರೆಸುತ್ತಾರೆ, ರುಚಿ ರಾತ್ರೋರಾತ್ರಿ ಬದಲಾಗುತ್ತದೆ, ಗಿರಾಕಿ ಎಚ್ಚರಾಗುತ್ತಾನೆ. ಖಾಲಿ ಚೀಲವನ್ನು ಹಿತ್ತಲಲ್ಲೇ ಬಿಸಾಡುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಹೆದರಿ ಬೆವರುತ್ತಾರೆ. ಈ ಒಂದೊಂದು ತಪ್ಪಿಗೂ ಅವರು ಒಬ್ಬೊಬ್ಬ ವರ್ತಕನನ್ನು ಜೈಲಿಗೆ ಕಳಿಸಿದ್ದರು. ತಮ್ಮ ಕೈಯಲ್ಲಿ ಅವು ನಡೆಯುವುದಿಲ್ಲ.

ಬೆರೆಸಲು ಬೇಕಾದ ಹಾಲಿನ ಪುಡಿಯನ್ನು ತಮ್ಮ ಬೀದಿಯಲ್ಲಿ ಕೊಳ್ಳಲಿಲ್ಲ. ಬಸ್ಸು ಹತ್ತಿ, ಊರಿನ ಇನ್ನೊಂದು ತುದಿಯಲ್ಲಿ, ಯಾರೂ ಯಾರ ಮುಖವನ್ನೂ ನೋಡದಂಥ ದೊಡ್ಡ ಅಂಗಡಿಗೆ ಹೋದರು. ಕಾಫಿ ಸಾಮಾನಿನ ಸಾಲಿನಿಂದ ಒಂದು ಪೊಟ್ಟಣ ತೆಗೆದುಕೊಂಡು, ಮುಖ ತಗ್ಗಿಸಿ ಹೊರಗೆ ಬಂದರು. ಪಾರ್ಕಿನ ಬೆಂಚಿನ ಮೇಲೆ ಕೂತು, ನೌಕರಿ ಕಾಲದ ಸ್ಯಾಂಪಲ್ ಬಾಟಲಿಗೆ ಪುಡಿಯನ್ನು ಸುರಿದು, ಖಾಲಿ ಪೊಟ್ಟಣವನ್ನು ಚೂರುಚೂರು ಮಾಡಿ ಕಸದ ತೊಟ್ಟಿಗೆ ಹಾಕಿದರು. ಪಾರಿವಾಳಕ್ಕೆ ಕಾಳು ಹಾಕಲು ಬಂದ ಮುದುಕರೊಬ್ಬರು ಅವರನ್ನು ನೋಡಿ ನಕ್ಕರು. ಅವರೂ ನಕ್ಕರು. ಪುರಾವೆ ಎಂಬುದು ಇನ್ನು ಭೂಮಿಯ ಮೇಲಿರಲಿಲ್ಲ.

ಮನೆಯಲ್ಲಿ ಆ ಬಾಟಲಿ ಹಳೆಯ ಇಲಾಖೆಯ ಚರ್ಮದ ಚೀಲ ಸೇರಿತು. ಆ ಚೀಲಕ್ಕೆ ಹೆಂಡತಿ ಕೈ ಹಾಕಿದವಳಲ್ಲ. ಅದರಲ್ಲಿ ಎಲ್ಲೆಲ್ಲಿಯದೋ ಕೊಳಕು ಎಣ್ಣೆ ಕೂತಿದೆ ಎಂಬುದು ಆಕೆಯ ನಂಬಿಕೆ. ಮಧ್ಯಾಹ್ನ ಆಕೆ ತರಕಾರಿಗೆ ಹೋದಾಗ ಸಾಹೇಬರು ತಮ್ಮ ಕೋಣೆಯ ಕೆಟಲಿನಲ್ಲಿ ನೀರು ಕಾಯಿಸಿ, ಕಪ್ಪು ಕಾಫಿಗೆ ಎರಡು ಚಮಚ ಪುಡಿ ಕದಡಿದರು. ಕಾಫಿ ಬೆಳ್ಳಗಾಯಿತು, ದಪ್ಪಗಾಯಿತು. ಮೊದಲ ಗುಟುಕಿಗೆ ಕಣ್ಣು ಮುಚ್ಚಿದರು. ಹಾಲು ಅಂದರೆ ಇದು. ಹಸು ನಾಲಗೆಯ ಮೇಲೆ ಬಂದು ನಿಂತ ಹಾಗಿತ್ತು. ಯಾವ ಓಟ್ಸು, ಯಾವ ಸೋಯಾ ಇದರ ಪಕ್ಕಕ್ಕೆ ಬಂದೀತು! ನಾಲಗೆಗೆ ಮೋಸ ಮಾಡಲಾಗದು, ಅದರಲ್ಲೂ ಮೂವತ್ತು ವರ್ಷ ಪಳಗಿದ ನಾಲಗೆಗೆ.

ಕೆಲಸ ನಿಧಾನವಾಗಿ ಸಾಗಿತು. ಹೆಂಡತಿ ಸ್ನಾನಕ್ಕೆ ಹೋದಾಗ ಗೋಡಂಬಿ ಡಬ್ಬಿಯಿಂದ ಒಂದು ಚಮಚ ತೆಗೆದು, ಬದಲಿಗೆ ತಮ್ಮ ಪುಡಿ ಒಂದು ಚಮಚ. ಮರುದಿನ ಇನ್ನೊಂದು. ಗೋಡಂಬಿ ಸ್ವಲ್ಪ ಹಳದಿ, ಪುಡಿ ಬಿಳಿ. ಅದಕ್ಕೇ ಒಣ ಚಮಚದ ಹಿಡಿಯಿಂದ ತಳದವರೆಗೆ ಕಲಕಿ, ಮೇಲ್ಭಾಗವನ್ನು ಮೊದಲಿನ ಹಾಗೇ ಇಳಿಜಾರಾಗಿ ಮಾಡುತ್ತಿದ್ದರು. ತೆಗೆದ ಗೋಡಂಬಿಯನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದೂ ಪುರಾವೆ ನಾಶವೇ. ಕ್ಲಾಸಿನವರಲ್ಲಿ ಯಾರಿಗಾದರೂ ಹಾಲು ಆಗಿಬರದೆ ಮೈಮೇಲೆ ದದ್ದು ಏಳುವ ತೊಂದರೆಯಿದೆಯೇ ಎಂದು ಬಾಲ್ಕನಿಯಿಂದ ಕಿವಿಗೊಟ್ಟು ಮೊದಲೇ ಖಚಿತ ಮಾಡಿಕೊಂಡಿದ್ದರು. ಯಾರಿಗೂ ಇರಲಿಲ್ಲ. ಅವರು ಅಪರಾಧಿಯಾಗಲು ಹೊರಟಿದ್ದರೇ ಹೊರತು ಕೆಟ್ಟವರಾಗಲು ಅಲ್ಲ.

"ಈ ಸಲದ ಗೋಡಂಬಿ ಯಾಕೋ ಸಿಹಿ ಸಿಹಿ," ಎಂದಳು ಹೆಂಡತಿ ಒಮ್ಮೆ ಸೂಪು ರುಚಿ ನೋಡುತ್ತ. ಸಾಹೇಬರು ಪತ್ರಿಕೆಯ ಹಾಳೆ ತಿರುಗಿಸಿದರು. ಬೆವರಲಿಲ್ಲ.

ಉಳಿದದ್ದು ಸಾಕ್ಷಿ. ತಾವೇ ಆರೋಪ ಮಾಡಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ವಿಜ್ಞಾನವೇ ಹೇಳಬೇಕು. ಅದಕ್ಕಾಗಿ ಅವರು ತಮ್ಮ ಹಳೆಯ ಸಹೋದ್ಯೋಗಿ, ಇಲಾಖೆಯ ಲ್ಯಾಬಿನಲ್ಲಿದ್ದ 'ಪಿಪೆಟ್ಟು' ಎಂಬುವವನನ್ನು ಭಾನುವಾರದ ಊಟಕ್ಕೆ ಕರೆದರು. ಲ್ಯಾಬಿನ ಆ ಗಾಜಿನ ನಳಿಕೆಯ ಹಾಗೆ ಮಾತನ್ನೂ ತೊಟ್ಟು ತೊಟ್ಟಾಗಿಯೇ ಆಡುವ ಆ ಮನುಷ್ಯನಿಗೆ ಆ ಹೆಸರು ಬಿದ್ದು ಬಹಳ ಕಾಲವಾಗಿತ್ತು. ಇಬ್ಬರ ನಡುವೆ ಹಳೆಯ ಕಹಿ ಇತ್ತು: ಸಾಹೇಬರು ಹಿಡಿದು ತಂದ ಎಷ್ಟೋ ಸ್ಯಾಂಪಲ್ಲುಗಳು ಪಿಪೆಟ್ಟಿನ ಮೇಜಿನಿಂದ 'ದೋಷವಿಲ್ಲ' ಎಂದು ವಾಪಸಾಗಿದ್ದವು. ಆದರೆ ಪಿಪೆಟ್ಟು ಈಗ ಬೇಕರಿಗಳಿಗೆ ಪರೀಕ್ಷೆ ಮಾಡಿಕೊಡುತ್ತಿದ್ದ. ಹಾಲಿನ ಅಂಶ ಇದೆಯೇ ಇಲ್ಲವೇ ಎಂದು ಗೆರೆಯಲ್ಲಿ ತೋರಿಸುವ ಕಾಗದದ ಪಟ್ಟಿಗಳು ಯಾವಾಗಲೂ ಅವನ ಜೇಬಿನಲ್ಲಿರುತ್ತಿದ್ದವು. ಇಲ್ಲದ ಜಂಬಕ್ಕೆ ಪೆನ್ನು ಸಿಕ್ಕಿಸಿಕೊಳ್ಳುವವರ ಹಾಗೆ.

ಭಾನುವಾರ ನಡುಮನೆ ತುಂಬಿತ್ತು. ಸೂಪಿನ ಬಟ್ಟಲುಗಳು ಕೈಯಿಂದ ಕೈಗೆ ಹೋದವು. ಸಾಹೇಬರು ಬಾಲ್ಕನಿಯಿಂದ ಒಳಗೆ ಬಂದು, ಒಂದು ಗುಟುಕು ಕುಡಿದು, ಮೆಲ್ಲಗೆ ಅಂದರು: "ಹಾಲಿಲ್ದೆ ಇಷ್ಟು ರುಚಿ ಅಂದ್ರೆ ಪವಾಡಾನೇ ಬಿಡಿ."

ಆ ಮಾತಿನ ಕೊಕ್ಕೆಗೆ ಯಾರು ಸಿಗಬೇಕೋ ಅವರೇ ಸಿಕ್ಕರು. "ಮತ್ತೆ ಶುರು ಮಾಡಿದ್ರಾ?" ಎಂದಳು ಹೆಂಡತಿ. "ಲ್ಯಾಬಿನವರೇ ಕೂತಿದಾರಲ್ಲ. ಪರೀಕ್ಷೆ ಮಾಡ್ಲಿ. ಎಲ್ಲರೂ ನೋಡ್ಲಿ."

"ಬೇಡಮ್ಮ, ಊಟದ ಹೊತ್ತಲ್ಲಿ..." ಎಂದ ಪಿಪೆಟ್ಟು.

"ಮಾಡಿ ಸಾರ್," ಎಂದರು ಟೀಚರು. "ಅವರ ಬಾಯಿ ಒಂದ್ಸಲ ಮುಚ್ಚಲಿ."

ಪಿಪೆಟ್ಟು ಸೂಪನ್ನು ನೀರಿನಲ್ಲಿ ಕದಡಿ ಪಟ್ಟಿ ಅದ್ದಿದ. ಎರಡು ಗೆರೆ ಬಂದರೆ ಹಾಲು, ಒಂದೇ ಬಂದರೆ ಇಲ್ಲ ಎಂದು ವಿವರಿಸಿದ. ಒಂದು ಗೆರೆ ಮೂಡಿತು. ಸಾಹೇಬರು ಇನ್ನೊಂದಕ್ಕಾಗಿ ಕಾದರು. ಎಲ್ಲರೂ ಕಾದರು. ಡ್ರೈವರು ಬಗ್ಗಿ ನೋಡಿ, "ಒಂದೇ ಅಕ್ಕಾ," ಎಂದ. ನಡುಮನೆಯಲ್ಲಿ ಚಪ್ಪಾಳೆ ಬಿತ್ತು.

"ಪಟ್ಟಿ ಹಳೇದು," ಎಂದರು ಸಾಹೇಬರು.

"ನಿನ್ನೆ ಬಂದಿದ್ದು."

"ಇನ್ನೊಂದು ಹಾಕು. ಡಬ್ಬಿಯ ಪುಡೀನೇ ತಗೊಂಡು ಹಾಕು."

ಹಾಕಿದ. ಒಂದೇ ಗೆರೆ. "ದೋಷವಿಲ್ಲ," ಎಂದ ಪಿಪೆಟ್ಟು, ಹಿಂದೆ ಹೇಳುತ್ತಿದ್ದ ಅದೇ ದನಿಯಲ್ಲಿ.

ಆ ಒಂದು ಶಬ್ದಕ್ಕೆ ಸಾಹೇಬರೊಳಗೆ ವರ್ಷಗಟ್ಟಲೆ ಕೂತಿದ್ದ ಎಲ್ಲ ಸ್ಯಾಂಪಲ್ಲುಗಳೂ ಒಟ್ಟಿಗೆ ಎದ್ದು ನಿಂತವು. "ನೀನು ಯಾವಾಗ್ಲೂ ಹೀಗೇ ಕಣೋ!" ಎಂದು ಕೂಗಿದರು. "ಕಣ್ಣೆದುರಿಗೆ ಇರೋದನ್ನ ಇಲ್ಲ ಅಂತೀಯ! ನನ್ನ ಕೇಸುಗಳನ್ನೆಲ್ಲಾ ಹೀಗೇ ಹಾಳು ಮಾಡಿದೆ! ಡಬ್ಬೀಲಿ ಅರ್ಧಕ್ಕರ್ಧ ಹಾಲಿನ ಪುಡಿ ಇದೆ! ದಿನಾ ನಾನೇ ನನ್ನ ಕೈಯಾರೆ ಹಾಕಿದೀನಿ, ನನಗೆ ಗೊತ್ತಿಲ್ವಾ?"

ಬಟ್ಟಲುಗಳು ಒಂದೊಂದಾಗಿ ಮೇಜಿಗೆ ಇಳಿದವು. ಹೆಂಡತಿ ಒಲೆ ಆರಿಸಿದಳು.

"ಏನು ಹಾಕಿದ್ರಿ?" ಎಂದಳು. "ತಂದು ತೋರಿಸಿ."

ಹಿಂದೆ ಸರಿಯಬಹುದಿತ್ತು, ತಮಾಷೆ ಎನ್ನಬಹುದಿತ್ತು. ಆದರೆ ಆ ಗಳಿಗೆಯಲ್ಲಿ ಅವರಿಗೆ ಹಾಲು ಬೇಕಿರಲಿಲ್ಲ, ಪಿಪೆಟ್ಟು ತಪ್ಪೆಂದು ಸಾಬೀತಾಗಬೇಕಿತ್ತು. ಹೋಗಿ ಚರ್ಮದ ಚೀಲದಿಂದ ಬಾಟಲಿ ತಂದು, ನ್ಯಾಯಾಲಯದಲ್ಲಿ ಇಡುವ ಹಾಗೆ ಮೇಜಿನ ಮೇಲಿಟ್ಟರು. ಪಿಪೆಟ್ಟು ಮೂರನೆಯ ಪಟ್ಟಿ ಅದ್ದಿದ. ಮತ್ತೆ ಒಂದೇ ಗೆರೆ.

ಹೆಂಡತಿ ಬೆರಳ ತುದಿಗೆ ಒಂದಿಷ್ಟು ಪುಡಿ ಹಚ್ಚಿ ನಾಲಗೆಗೆ ತಾಗಿಸಿದಳು. "ಇದು ತೆಂಗಿನೆಣ್ಣೆ ಪುಡಿ ಕಣ್ರೀ," ಎಂದಳು. "ಎಣ್ಣೆಗೆ ಸಕ್ಕರೆ ಪಾಕ ಸೇರಿಸಿ ಒಣಗಿಸಿರ್ತಾರೆ, ಹಾಲು ಬಿಟ್ಟವರ ಕಾಫಿಗೆ ಅಂತ. ಮೊದಲ ವಾರ ನಾನೂ ತಂದಿದ್ದೆ. ಸಿಹಿ ಜಾಸ್ತಿ ಅಂತ ಬಿಟ್ಟೆ." ಪೊಟ್ಟಣದ ಹಿಂಬದಿಯಲ್ಲಿ ಅದೆಲ್ಲ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಪುರಾವೆ ನಾಶಮಾಡುವ ಆತುರದಲ್ಲಿ ಸಾಹೇಬರು ಅದನ್ನು ಓದಿರಲಿಲ್ಲ. ಕ್ಲಾಸು ಮುಂದುವರಿಯಿತು. ಸಾಹೇಬರು ಈಗ ಪ್ರತಿ ಭಾನುವಾರ ಓಟ್ಸ್ ಸೋಸುತ್ತಾರೆ.