ಒಂದು ದೀರ್ಘದ ಪ್ರಕರಣ

2024ರ ಮೇ 19, ಭಾನುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಠಾಣೆಗೆ ಬಂದ ದೂರುದಾರ ಸೊಂಟದವರೆಗೆ ಕೆಸರಾಗಿದ್ದ. ಹೆಸರು ಅಭಿಷೇಕ, ಊರು ಶಿವಮೊಗ್ಗ, ವಾಸ ಬೆಂಗಳೂರು. ಗೆಳೆಯ ಅಜಯ್ ಜೊತೆ ಎರಡು ಜೀಪುಗಳಲ್ಲಿ ತೀರ್ಥಹಳ್ಳಿಯಿಂದ ಹೊರಟು, ಟಾರು ಕಂಡಲ್ಲೆಲ್ಲ ಮುಖ ತಿರುಗಿಸಿಕೊಂಡು, ಹೊಸನಗರದ ಕಾಡುದಾರಿಗಳಲ್ಲಿ ಟೆಂಟು ಹಾಕುತ್ತ ಬ್ಯಾಕೋಡಿನ ಕಡೆಗೆ ಬಂದಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಡೆಯ ಹಳೇ ರಸ್ತೆಗಳು ಅಲ್ಲಲ್ಲಿ ತಲೆ ಎತ್ತುತ್ತವೆ. ಅವುಗಳ ಮೇಲೆ ಗಾಡಿ ಓಡಿಸಿ ವಿಡಿಯೊ ಮಾಡುವುದು ಈಗಿನ ತೀರ್ಥಯಾತ್ರೆ. ಮುಂದಿದ್ದ ಅಜಯ್‌ನ ಜೀಪು ಗಟ್ಟಿನೆಲದಂತೆ ಕಂಡ ಹೂಳಿಗೆ ಇಳಿದು, ಜಾರಿ, ಹಳೇ ಹೊಳೆಯ ಪಾತ್ರದಲ್ಲಿ ಮುಳುಗಿತ್ತು. ಬಾಗಿಲು ತೆರೆಯಲಾಗದೆ ಅಜಯ್ ಒಳಗೇ ಸತ್ತಿದ್ದ.

“ದಾರಿ ಕೇಳಿರಲಿಲ್ವಾ?” ಇನ್ಸ್‌ಪೆಕ್ಟರ್ ಮನೋರಮಾ ಕೇಳಿದಳು.

“ದನ ಮೇಯಿಸ್ತಿದ್ದ ಹೆಂಗಸೊಬ್ಬಳನ್ನ ಕೇಳ್ದೆ. ‘ರಸ್ತೆ ಇಲ್ಲೇ’ ಅಂದ್ಲು. ಅದನ್ನೇ ವಾಕಿಟಾಕೀಲಿ ಅಜಯ್‌ಗೆ ಹೇಳ್ದೆ. ಬೇಕಂತಲೇ ಸಾಯಿಸಿದ್ಲು ಮೇಡಂ. ಮಾಣಿ ಅಂತ ಬೇರೆ ಕರೆದ್ಲು, ಹೋಟೆಲಲ್ಲಿ ಟೇಬಲ್ ಒರೆಸೋನ ಥರ.”

“ಇಲ್ಲಿಯವರ ಮಾತು ಗೊತ್ತಾ ನಿಮಗೆ?”

“ಒಂದಕ್ಷರ ಗೊತ್ತಿಲ್ಲ.”

ನಿರ್ಲಕ್ಷ್ಯದಿಂದಾದ ಸಾವಿನ ಕಲಂ 304(ಎ) ಅಡಿ ಎಫ್‌ಐಆರ್ ದಾಖಲಾಯಿತು. ಆರೋಪಿ ಕಾಲಮ್ಮಿನಲ್ಲಿ, ವಿಚಾರಿಸಿ ತಿಳಿದ ಮೇಲೆ, ವನಮಾಲಾ ಎಂಬ ಹೆಸರು ಬಂತು.

ಮಧ್ಯಾಹ್ನ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಸ್ಥಳಕ್ಕೆ ಹೋದರು. ಜೆಸಿಬಿ ಎಳೆದು ಹಾಕಿದ್ದ ಜೀಪಿನ ಸುತ್ತ ಪಂಚರು ನಿಂತಿದ್ದರು. ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಸೀತಾರಾಮಪ್ಪ, ನೀರಿನಲ್ಲೂ ಎಂಜಿನ್ ಉಸಿರಾಡಲೆಂದು ಗಾಜಿನ ಪಕ್ಕ ಏರಿಸಿದ್ದ ಕೊಳವೆಯನ್ನು ನೋಡಿ ಪೆನ್ನು ನಿಲ್ಲಿಸಿದ.

“ಸೊಂಡಿಲು ಇಟ್ಕೊಂಡಿದಾರೆ. ಆನೆಯಾಗಿದ್ರೆ ಮೊದ್ಲು ಕಾಲಿಟ್ಟು ನೋಡ್ತಿತ್ತು ಮೇಡಂ.”

ವನಮಾಲಾ ಹಗ್ಗ ಹಿಡಿದುಕೊಂಡೇ ಹೇಳಿಕೆ ಕೊಟ್ಟಳು. ಹಗ್ಗದ ಆ ತುದಿಯಲ್ಲಿ ದನವಿತ್ತು.

“ಇಲ್ಲೆ ಅಂದಿದ್ದು ಹೌದು. ಎಂಗೊ, ಅಂದ್ರೆ ನಮ್ಮ ಪೈಕಿಯವರು, ಇಲ್ಲ ಅನ್ನೋದಕ್ಕೆ ಹಂಗೇ ಹೇಳೋದು. ರಸ್ತೆ ಇಲ್ಲ ಅಂತ ಕೂಗಿ ಹೇಳಿದ್ರೂ ಇಳಿಸ್ತಾರಲ್ಲ, ಎಂತ ಜನವೋ! ಅದಕ್ಕೆ ನನ್ನ ಜೈಲಿಗೆ ಹಾಕ್ತೀರಾ? ಸಂಜೆ ದನ ಕರೆಯೋರು ಯಾರು, ನೀವಾ?”

ಮನೋರಮಾ ನಂಜನಗೂಡಿನವಳು. ವರ್ಗವಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಗೆ ಹೋಗಿ ಕರಿಬೇವು ಕೇಳಿದ್ದಳು. “ಇಲ್ಲೆ” ಎಂದು ಆ ಮನೆಯಾಕೆ ಒಳಗೆ ಹೋಗಿದ್ದಳು. ಇಲ್ಲೇ ಇದೆ, ತರಲು ಹೋದರು ಎಂದುಕೊಂಡು ಇನ್ಸ್‌ಪೆಕ್ಟರಮ್ಮ ಬಟ್ಟಲು ಹಿಡಿದು ಬಹಳ ಹೊತ್ತು ನಿಂತಿದ್ದಳು.

“ಕಿವಿ ತಪ್ಪು ಮೇಡಂ, ಪಾಪ,” ಎಂದ ಸೀತಾರಾಮಪ್ಪ. “ಇಬ್ಬರದೂ ತಪ್ಪಿಲ್ಲ. ಆದ್ರೆ ಆ ಮಾಣಿ ಅಂದಿದ್ದೊಂದು... ಇವರ ಪೈಕಿ ಮನೆ ಹುಡುಗರನ್ನ ಹಂಗೆ ಕರೆಯೋದು. ಹೊರಗಿನವರನ್ನಲ್ಲ.”

ಮನೋರಮಾ ವನಮಾಲಾಳ ಕಡೆ ತಿರುಗಿದಳು. “ಅವನು ಯಾರು ಅಂತ ನಿಮಗೆ ಗೊತ್ತಿತ್ತಾ?”

“ಇಲ್ಲಪ್ಪ. ಎಂಗಳ ಪೈಕಿಯವ ಅಂತ ಮಾತ್ರ ಗೊತ್ತಾತು. ಅವ ಕೇಳಿದ್ದೇ ಹಂಗಲ್ದಾ? ‘ಅಕ್ಕಾ, ಇಲ್ಲಿ ರಸ್ತೆ ಇದ್ದಾ?’ ಅಂದ. ಬೆಂಗಳೂರು ಕನ್ನಡದಲ್ಲಿ ಕೇಳಿದ್ರೆ ನಾನೂ ಬೆಂಗಳೂರು ಕನ್ನಡದಲ್ಲೇ ಹೇಳ್ತಿದ್ದೆ.”

ಆ ಸಂಜೆ ಅಭಿಷೇಕನ ಜೀಪಿನ ಡ್ಯಾಶ್‌ಕ್ಯಾಮ್ ಕೇಳಿಸಿಕೊಂಡರು. ಅವನ ಪ್ರಶ್ನೆ ಎಂಜಿನ್ ಸದ್ದಿನಲ್ಲಿ ಮುಳುಗಿತ್ತು. ಉತ್ತರ ಮಾತ್ರ ದಂಡೆಯಿಂದ ತೇಲಿ ಬಂದಿತ್ತು: “ರಸ್ತೆ ಇಲ್ಲೆ, ಮಾಣೀ!” ನಂತರ ವಾಕಿಟಾಕಿಯಲ್ಲಿ ಅವನದೇ ದನಿ, ಆರಾಮಾಗಿ: “ಅಜಯ್, ರಸ್ತೆ ಇಲ್ಲೇ ಅಂತೆ. ಇಳಿಸು.” ಸ್ವಲ್ಪ ಹೊತ್ತಿಗೆ ಅಜಯ್: “ಅಭೀ, ನೆಲ ಮೆತ್ತಗಾಗ್ತಿದೆ ಕಣೋ. ರಸ್ತೆ ಎಲ್ಲಿ?” ಅಭಿಷೇಕ ಕಿರುಚಿದ್ದ: “ಇಲ್ಲೆ! ಇಲ್ಲೆ!” ಮುಂದಿದ್ದ ಜೀಪಿನ ಎಂಜಿನ್ ಒಮ್ಮೆ ಜೋರಾಗಿ ಮೊರೆದು ಸುಮ್ಮನಾಯಿತು.

ಮಂಗಳವಾರ ಅಭಿಷೇಕನನ್ನು ಮತ್ತೆ ಕರೆಸಿದರು. ಸೆಖೆಯಿತ್ತು. ಮನೋರಮಾ ಫೈಲು ತಿರುವುತ್ತ, ತಲೆ ಎತ್ತದೆ ಕೇಳಿದಳು.

“ಆಸರಿಗೆ ಏನಾದ್ರೂ ತರಿಸ್ಲಾ?”

“ಬೇಡ ಮೇಡಂ, ಬಾಯಾರಿಕೆ ಇಲ್ಲ.”

“ಆಸರಿ ಅಂದ್ರೆ ಬಾಯಾರಿಕೆ ಅಂತ ನನಗೆ ಗೊತ್ತಾಗಿದ್ದು ನಿನ್ನೆ, ಸೀತಾರಾಮಪ್ಪ ಹೇಳಿದ ಮೇಲೆ. ನಿಮಗೆ?”

ಅಭಿಷೇಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

“ಹಾಸ್ಟೆಲಿಗೆ ಸೇರಿದ ಮೊದಲ್ನೇ ದಿನ ‘ಏನು’ ಅನ್ನೋ ಬದಲು ಬಾಯಿ ತಪ್ಪಿ ‘ಎಂತ’ ಅಂದೆ. ಹಾಸ್ಟೆಲ್ ಬಿಡೋವರೆಗೂ ನನ್ನ ಹೆಸರು ಅದೇ. ಆಮೇಲೆ ನಾಲಗೆ ತಿಕ್ಕಿ ತೊಳ್ಕೊಂಡೆ. ಅಜಯ್ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ. ಅವನಿಗೆ ನಾನು ಶಿವಮೊಗ್ಗದವನು, ಅಷ್ಟೇ.”

“ಈ ಸಲ ಏನಾಯ್ತು?”

“ಹೊಸನಗರದ ಹತ್ರ ನೀರಿಗೆ ಅಂತ ಒಂದು ಮನೆ ಬಾಗಿಲು ತಟ್ಟಿದ್ವಿ. ಕಾಡಿನ ಕಡೆಯಿಂದ ಹೋಗಿದ್ದಕ್ಕೆ ಮನೆ ಗುರುತು ಸಿಕ್ಲಿಲ್ಲ. ತೆಗೆದೋರು ನಮ್ಮ ದೊಡ್ಡಮ್ಮ. ‘ನೀ ಎಂಗಳ ಅಭಿ ಅಲ್ದಾ?’ ಅಂದ್ರು.”

“ನೀವು?”

“‘ಅಲ್ಲ ಅಜ್ಜಿ, ನಾವು ಬೆಂಗಳೂರಿನವರು’ ಅಂದೆ. ಟೆಂಟ್ ಹತ್ರ ಬಂದು ಅಜಯ್ ತಲೆ ಮೇಲೆ ಟವೆಲ್ ಹಾಕ್ಕೊಂಡು ದೊಡ್ಡಮ್ಮನ ಹಾಗೇ ಮಾತಾಡಿದ. ರೀಲ್ ಮಾಡಿ ಹಾಕಿದ. ನಾನೇ ಮೊಬೈಲ್ ಹಿಡ್ಕೊಂಡಿದ್ದೆ. ಹೊಟ್ಟೆ ಹಿಡ್ಕೊಂಡು ನಕ್ಕೆ. ಅವನು ಸಾಯ್ಲಿ ಅಂತ ಇರ್ಲಿಲ್ಲ ಮೇಡಂ. ಗಾಡಿ ಹೂತ್ಕೊಳ್ಳಲಿ, ‘ಬಾರೋ’ ಅಂತ ಕೂಗಲಿ, ಅಷ್ಟೇ.”

“ಮತ್ತೆ ಎರಡನೇ ಸಲವೂ ಇಲ್ಲೇ ಅಂದ್ರಲ್ಲ?”

“ಎರಡನೇ ಸಲ ಸುಳ್ಳು ಹೇಳ್ಲಿಲ್ಲ.” ಅವನ ದನಿ ಬದಲಾಗಿತ್ತು. “ಗಾಡಿ ಮೂತಿ ಬಗ್ಗಿದ್ದು ನೋಡಿ ಹೆದರಿಕೆಯಾಯ್ತು. ರಸ್ತೆ ಇಲ್ಲ ಅಂತಲೇ ಕೂಗ್ದೆ. ಬಾಯಿಗೆ ಬಂದಿದ್ದು ಮನೆ ಮಾತು.”

ಅಜಯ್ ಅದನ್ನು ಬೆಂಗಳೂರಿನ ಕಿವಿಯಲ್ಲಿ ಕೇಳಿ ಆಕ್ಸಿಲರೇಟರ್ ಒತ್ತಿದ್ದ.

ಸಂಜೆ 5.40ಕ್ಕೆ ಅಭಿಷೇಕನ ಬಂಧನ ದಾಖಲಾಯಿತು. 304(ಎ)ಯಲ್ಲಿನ ‘ಎ’ ಬಿದ್ದುಹೋಗಿ ಬರೀ 304, ಅಂದರೆ ನರಹತ್ಯೆ, ಉಳಿಯಿತು. ವನಮಾಲಾ ಆರೋಪಿಗಳ ಪಟ್ಟಿಯಿಂದ ಸಾಕ್ಷಿಗಳ ಪಟ್ಟಿಗೆ ದಾಟಿದಳು. ಪೊಲೀಸರೆದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಡ್ಯಾಶ್‌ಕ್ಯಾಮ್ ನಿಲ್ಲುತ್ತದೆ. ಅದರ ಮಾತುಗಳನ್ನು ಕಾಗದಕ್ಕಿಳಿಸುತ್ತಿದ್ದ ಸೀತಾರಾಮಪ್ಪ ಒಂದು ಕಡೆ ತಡೆದ.

“ಮೇಡಂ, ಇವನ ‘ಇಲ್ಲೆ’ಗೆ ದೀರ್ಘ ಹಾಕ್ಲಾ, ಬೇಡ್ವಾ?”

ಮನೋರಮಾ ಮತ್ತೊಮ್ಮೆ ಹಾಕಿಸಿ ಕೇಳಿದಳು.

“ಮೊದಲನೇದಕ್ಕೆ ಹಾಕಿ,” ಎಂದಳು. “ಆಮೇಲಿನ ಎರಡಕ್ಕೂ ಬೇಡ.”