ಕತ್ತರಿಸಿದ್ದು ಒಂದೇ ಹೊಲಿಗೆ

ನಮ್ಮ ಬೀದಿಯಲ್ಲಿ ನನ್ನ ಹೆಂಡತಿಗೆ ಪತ್ತೇದಾರಮ್ಮ ಎಂದು ಹೆಸರು, ನನಗೆ ಪತ್ತೇದಾರಮ್ಮನ ಗಂಡ ಎಂದು. ಉಂಗುರ ಕಳೆದರೂ ಸೈಕಲ್ ಕಾಣೆಯಾದರೂ ಜನ ಹುಡುಕಿಕೊಂಡು ಬರುವುದು ಅವಳನ್ನು. ಬಾಗಿಲು ತೆಗೆಯುವುದಷ್ಟೇ ನನ್ನ ಪಾಲಿನ ಕೆಲಸ. ಹೊಟ್ಟೆಯುರಿಯುವುದಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಬೆಳಿಗ್ಗೆ ಎದುರು ಮನೆಯ ಕಿರಿಯ ಸೊಸೆ, ಟವೆಲಿನಲ್ಲಿ ಏನನ್ನೋ ಸುತ್ತಿ ಎದೆಗವಚಿಕೊಂಡು ಬಂದಾಗ, ಅವಳ ಅತ್ತ ಕಣ್ಣು ನೋಡಿ ನನ್ನ ಉರಿ ತಣ್ಣಗಾಯಿತು.

ಟವೆಲಿನೊಳಗೆ ಇದ್ದದ್ದು ಕಂದು ಚರ್ಮದ ಹ್ಯಾಂಡ್‌ಬ್ಯಾಗ್. ದೊಡ್ಡ ಅಂಗಡಿಗಳಲ್ಲಿ ಗಾಜಿನ ಹಿಂದೆ ಇಡುವಂಥದ್ದನ್ನು ಅವಳು ಊಟದ ಮೇಜಿನ ಮೇಲೆ, ಮೇಣ ಹಚ್ಚಿದ ದಾರದಲ್ಲಿ, ಕೈಯಿಂದಲೇ ಹೊಲಿದಿದ್ದಳು. ಹಿಂದಿನ ದಿನ ಬ್ಯಾಗಿನಂಗಡಿಯ ಒಡತಿ ನೋಡಲು ಬಂದಿದ್ದಳಂತೆ. ಮೆಚ್ಚಿ, ತಳಕ್ಕೆ ಬೆರಳಾಡಿಸಿದಾಗ ಒಂದು ಹೊಲಿಗೆ ಕತ್ತರಿಸಿರುವುದು ಸಿಕ್ಕಿತಂತೆ. ಸರಿಮಾಡಿ ತಾ ಎಂದು ಹೇಳಿ ಹೋಗಿದ್ದಳು.

"ಹೊಲಿಗೆ ಹಾಕೋದು ದೊಡ್ಡದಲ್ಲ ಆಂಟಿ. ಕತ್ತರಿಸಿದ್ದು ನಮ್ಮ ಯಜಮಾನ್ರೇ ಆಗಿದ್ರೆ ನಾನು ಆ ಮನೇಲಿ ಇರಲ್ಲ. ಸಂಜೇನೇ ಅಮ್ಮನ ಮನೆಗೆ ಹೊರಡ್ತೀನಿ," ಎಂದಳು.

ಅನುಮಾನಕ್ಕೆ ಕಾರಣವಿತ್ತು. ಗಂಡನಿಗೆ ಆ ಬ್ಯಾಗು ಸವತಿಯಾಗಿತ್ತು. ಅವನು ಮಾತಾಡುವಾಗಲೂ ಇವಳ ಕಣ್ಣು ಚರ್ಮದ ಮೇಲೆ. ಒಂದು ದಿನ ಇದನ್ನು ಕತ್ತರಿಸಿ ಬಿಸಾಡುತ್ತೇನೆ ಎಂದು ಎಲ್ಲರೆದುರೇ ಕೂಗಾಡಿದ್ದ. ಅತ್ತೆ ಚರ್ಮದ ವಾಸನೆಗೆ ಮೂಗು ಮುಚ್ಚಿಕೊಂಡೇ ಓಡಾಡುತ್ತಿದ್ದರು. ಒಲವು ತೋರಿಸಿದವಳೆಂದರೆ ವಾರಗಿತ್ತಿ ಒಬ್ಬಳೇ. ಆ ಹಿರಿಯ ಸೊಸೆಯನ್ನು ಇವಳು ಅಕ್ಕ ಎನ್ನುತ್ತಾಳೆ. ಬೀದಿಯವರ ಬಟ್ಟೆಗಳೆಲ್ಲ ಅಕ್ಕನ ಮಷೀನಿನಲ್ಲೇ ಹೊಲಿಗೆಯಾಗುವುದು. ಅಂಗಡಿಯಾಕೆ ಬಂದಾಗ ಅಕ್ಕನೇ ಇಸ್ತ್ರಿಪೆಟ್ಟಿಗೆಯನ್ನೂ ದಪ್ಪ ಪುಸ್ತಕಗಳನ್ನೂ ಬ್ಯಾಗಿಗೆ ತುಂಬಿ, ಎತ್ತಿ ನೋಡಿ ಎಷ್ಟು ಗಟ್ಟಿಯಾಗಿದೆ ಎಂದು ಕೈಗೆ ಕೊಟ್ಟಿದ್ದಳಂತೆ.

ನನ್ನ ಹೆಂಡತಿ ಭೂತಗನ್ನಡಿ ಹಿಡಿದು ತಳವನ್ನು ನೋಡಿದಳು. ಚರ್ಮಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ಹೊಲಿಗೆ ಕಡಿದ ಮೇಲೂ ಅಷ್ಟು ಭಾರ ತಡೀತಾ?"

"ತಡೆಯುತ್ತೆ ಆಂಟಿ. ಒಂದೇ ದಾರ, ಎರಡು ತುದಿಗೂ ಸೂಜಿ. ಪ್ರತಿ ತೂತಿಗೂ ಎರಡು ಕಡೆಯಿಂದ ದಾರ ಹಾಯಿಸ್ತೀನಿ. ಒಂದು ಕಡಿದ್ರೂ ಇನ್ನೊಂದು ಹಿಡ್ಕೊಂಡಿರುತ್ತೆ."

"ಇದು ಮನೇಲಿ ಯಾರಿಗೆ ಗೊತ್ತು?"

"ಯಾರೂ ಕೇಳೇ ಇಲ್ಲ."

ಅವಳು ಹೋದ ಮೇಲೆ ನಾನು, ಗಂಡನದೇ ಕೆಲಸ, ಹೊಟ್ಟೆಯುರಿಯ ವಿಷಯದಲ್ಲಿ ನನಗೆ ಅನುಭವವಿದೆ ಎಂದೆ. ಉರಿದಾಗ ಕೂಗಾಡುವುದಷ್ಟೇ ಅಲ್ಲವೇ ನಿಮ್ಮ ಅನುಭವ ಎಂದು ನನ್ನಾಕೆ ಬಾಯಿ ಮುಚ್ಚಿಸಿದಳು.

ಸಂಜೆ ಆ ಮನೆಯವರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. ನನ್ನ ಹೆಂಡತಿ ಬ್ಯಾಗನ್ನು ನಡುವೆ ಇಟ್ಟು, ಇದನ್ನು ಹಾಳುಮಾಡಬೇಕೆಂದರೆ ಏನು ಮಾಡುತ್ತೀರಿ ಎಂದು ಗಂಡನನ್ನು ಕೇಳಿದಳು. ಅವನು ತಡವರಿಸಿ, ಹಿಡಿಕೆಯನ್ನು ಕತ್ತರಿಸುತ್ತೇನೆ ಎಂದ. ತಮ್ಮನ್ನು ಕೇಳುವ ಮೊದಲೇ ಅತ್ತೆ, ನಾನಾದರೆ ಒಲೆಗೆ ಹಾಕುತ್ತಿದ್ದೆ ಎಂದರು.

"ನೋಡಿ," ಎಂದಳು ನನ್ನಾಕೆ. "ಒಂದೇ ಹೊಲಿಗೆ ಕತ್ತರಿಸಿದ್ರೆ ಸಾಕು ಅನ್ನೋದು ಇವರಿಬ್ಬರಿಗೂ ಹೊಳೀಲಿಲ್ಲ. ಅದು ಹೊಳೆಯೋದು ಮಷೀನ್ ಹೊಲಿಗೆಯವರಿಗೆ. ಮಷೀನಿನದಾದ್ರೆ ಒಂದು ಕಡಿದು ಭಾರ ಹಾಕಿದ್ರೆ ಸಾಲು ಸಡಿಲ ಆಗ್ತಾ ಬಾಯಿ ಬಿಡುತ್ತೆ. ಈ ಕೈಹೊಲಿಗೆ ಹಾಗೆ ಬಿಚ್ಚಲ್ಲ ಅಂತ ಗೊತ್ತಿದ್ದೋಳು ಹೊಲಿದೋಳು ಒಬ್ಬಳೇ. ಅಂಗಡಿಯಾಕೆ ಕೈಯಲ್ಲೇ ಬ್ಯಾಗು ಬಾಯಿ ಬಿಡಲಿ ಅಂತ ಇಸ್ತ್ರಿಪೆಟ್ಟಿಗೆ ತುಂಬಿದ್ದು ಯಾರು?"

ಕಿರಿಯವಳು ಗಂಡನ ಕಡೆ ತಿರುಗಿದಳು. ಅವನ ಕಣ್ಣಲ್ಲಿ ನೀರಿತ್ತು. ಅವಳು ಎದ್ದು ಹೋಗಿ ಅವನ ಪಕ್ಕದಲ್ಲೇ ಕುಳಿತಳು. ತವರಿಗೆ ಹೊರಡುವ ಮಾತು ಅಲ್ಲಿಗೇ ಮುಗಿಯಿತು.

ಅಕ್ಕ ಅಲ್ಲಗಳೆಯಲಿಲ್ಲ.

"ನಾನೇ ಕತ್ತರಿಸಿದ್ದು. ಬಿಚ್ಚಿಹೋದ್ರೆ ನನ್ನ ಹತ್ರಾನೇ ತರ್ತಾಳೆ ಅಂದ್ಕೊಂಡೆ. ಈ ಮನೇಲಿ ಹೊಲಿಯೋಳು ನಾನು. ಯಾರು ಬಂದ್ರೂ ಈಗ ಇವಳ ಬ್ಯಾಗಿನ ಮಾತೇ. ಕಲಿಯೋವಾಗ ನನ್ನನ್ನ ಒಂದು ಮಾತು ಕೇಳಿದ್ಲಾ? ನನ್ನ ಪಕ್ಕದಲ್ಲೇ ಕೂತು ಫೋನ್ ನೋಡಿ ಕಲಿತ್ಲು."

ಕಿರಿಯವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

"ಕೇಳೋಕೆ ಬಂದಿದ್ದೆ ಅಕ್ಕಾ, ಮದುವೆಯಾದ ಹೊಸದರಲ್ಲಿ. ಸೂಜಿ ಮುರೀತೀಯ, ನನ್ನ ಮಷೀನ್ ಮುಟ್ಟಬೇಡ ಅಂದ್ರಿ. ಅದಕ್ಕೇ ಮಷೀನ್ ಬೇಡದಿರೋ ಹೊಲಿಗೆ ಹುಡುಕಿಕೊಂಡೆ."

"ನಾನು ಹಾಗೆ ಅಂದಿದ್ನಾ?" ಎಂದಳು ಅಕ್ಕ. ಹಾಗೆ ಅಂದದ್ದು ಅವಳಿಗೆ ನೆನಪೇ ಇರಲಿಲ್ಲ.