ಬಾಣಲೆಗೊಂದು ಲಂಗ

“ಏನ್ರೀ ಇದು! ನನ್ನ ಬಾಣಲೆಗೆ ಲಂಗ ಹಾಕಿದ್ದೀರಾ?”

ಅವನ ಮಾತಿಗೆ ಅವಳ ಮೂಗಿನ ತುದಿ ಕೆಂಪಾಯಿತು. ಒಂದು ಗಂಟೆ ಕೂತು, ಚೂರುಬಟ್ಟೆ ಜೋಡಿಸಿ, ನೆರಿಗೆ ಹಿಡಿದು, ಬಾಣಲೆಯ ಎರಡು ಕಿವಿಗಳಿಗೂ ಕುಚ್ಚು ಕಟ್ಟಿದ್ದಳು.

“ಬಾಣಲೆ ಅಂತ ಗೊತ್ತಾಗಬಾರದು ಅಂದವರು ನೀವೇ ತಾನೆ? ಈಗ ಗೊತ್ತಾಗುತ್ತಾ, ಹೇಳಿ!”

ಅವನು ಪೊಟ್ಟಣವನ್ನು ತಿರುಗಿಸಿ ನೋಡಿದ. “ಇಲ್ಲ... ಯಾವುದೋ ಪುಟ್ಟ ಹುಡುಗಿ ಮುನಿಸಿಕೊಂಡು ಕೂತ ಹಾಗಿದೆ.”

ನಗಬಾರದು ಅಂದುಕೊಂಡಳು. ನಕ್ಕೇಬಿಟ್ಟಳು!

ಅವನು ಎದುರು ಸಾಲಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅವಳು ಚಿಕ್ಕಮ್ಮನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಉಡುಗೊರೆ ಕಟ್ಟಿಕೊಡುವವಳು. ಮಿರಿಮಿರಿ ಕಾಗದ ಕೊಳ್ಳುವಷ್ಟು ಬಂಡವಾಳ ಅವಳಲ್ಲಿರಲಿಲ್ಲ. ಹಳೆಯ ಪತ್ರಿಕೆ, ಹೋದ ವರ್ಷದ ಕ್ಯಾಲೆಂಡರ್, ಚಿಕ್ಕಮ್ಮ ಕತ್ತರಿಸಿ ಎಸೆದ ಬಟ್ಟೆ, ಒಣಗಿದ ಎಲೆ, ಒಂಟಿ ಗುಂಡಿ... ಇಷ್ಟರಲ್ಲೇ ಅವಳ ಬೆರಳುಗಳು ಚಮತ್ಕಾರ ಮಾಡುತ್ತಿದ್ದವು.

ಎಷ್ಟೋ ಜನರ ಉಡುಗೊರೆಗಳು ಅವಳ ಕೈ ದಾಟಿ ಹೋಗಿದ್ದವು. ಅವಳಿಗೆಂದು ಒಂದೂ ಬಂದಿರಲಿಲ್ಲ.

ಮರುವಾರ ಅವನು ಕೊಡೆ ತಂದ. ಪತ್ರಿಕೆ ಸುತ್ತಿ ಅದನ್ನು ಕೊಕ್ಕರೆ ಮಾಡಿದಳು. ಆಮೇಲೆ ಊರುಗೋಲು ಬಂತು. ಆಮೇಲೆ ಚೊಂಬು, ಇಕ್ಕಳ...

‘ಎಂಥ ವಿಚಿತ್ರ ಮನುಷ್ಯ!’ ಅಂದುಕೊಳ್ಳುತ್ತಲೇ ವಾರವಿಡೀ ಅವನ ದಾರಿ ಕಾಯತೊಡಗಿದಳು.

ಒಂದು ದಿನ ಅವನು ಸೌಟು ತಂದಾಗ ತಡೆಯಲಾಗದೆ ಕೇಳಿದಳು. “ಚೀಟಿ ಮೇಲೆ ಯಾರ ಹೆಸರು ಬರೀಲಿ?”

ಅವನ ಕಿವಿಗಳು ಕೆಂಪಾದವು. “ಹೆಸರು ಬೇಡ... ಅವಳ ಕೈ ಸೇರಿದ್ರೆ ಸಾಕು ನಂಗೆ.”

ಅವಳ ಕೈ!

ಎದೆಯೊಳಗೆ ಏನೋ ಕಳಚಿಬಿತ್ತು. ‘ಓಹೋ... ಒಬ್ಬಳಿದ್ದಾಳೆ. ನಾನು ಇಷ್ಟು ದಿನ ಅವಳಿಗಾಗಿ ಕೊಕ್ಕರೆ ಮಾಡ್ತಾ ಕೂತಿದ್ದೆ!’

ಸೌಟನ್ನು ಗೋಣಿಯಲ್ಲಿ ಸುತ್ತಿ, ಎಳೆದೆಳೆದು ಹದಿನೇಳು ಗಂಟು ಹಾಕಿ ಅವನ ಕೈಗಿಟ್ಟಳು.

“ಇನ್ಮೇಲೆ ಬೇರೆ ಕಡೆ ಕಟ್ಟಿಸ್ಕೊಳ್ಳಿ.”

“ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ನಂಗೆ ತುಂಬಾ ಕೆಲಸ ಇದೆ.”

ಮೇಜಿನ ಮೇಲೆ ಕತ್ತರಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ತಲೆ ತಗ್ಗಿಸಿ ಹೊರಟುಹೋದ.

ಎಂಟು ದಿನ ಅವನು ಇತ್ತ ಸುಳಿಯಲಿಲ್ಲ. ಚಿಕ್ಕಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಗದರಿದಳು. “ಎದುರು ಅಂಗಡಿ ನೋಡ್ಕೊಂಡು ಕತ್ತರಿ ಆಡಿಸಬೇಡ ಕಣೇ, ಬೆರಳು ಹೋಗುತ್ತೆ!”

ಒಂಬತ್ತನೆಯ ದಿನ ದಪ್ಪ ಚೀಲ ಹೊತ್ತ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಂದರು. ಚೀಲ ಬೋರಲು ಹಾಕಿದರು. ಮೇಜಿನ ಮೇಲೆ ಲಂಗ, ಕೊಕ್ಕರೆ, ಗೋಣಿಯ ಗಂಟು... ಒಂದನ್ನೂ ಬಿಚ್ಚಿರಲಿಲ್ಲ!

“ಇದನ್ನೆಲ್ಲ ಕಟ್ಟಿದವಳು ನೀನೇನಾ? ಬಿಚ್ಚಿಕೊಡು ತಾಯಿ, ನಿನಗೆ ಪುಣ್ಯ ಬರುತ್ತೆ. ಏನಾದ್ರೂ ಹುರಿಯೋಕೆ ಪಕ್ಕದ ಮನೆಗೆ ಹೋಗ್ತಿದ್ದೀನಿ. ನಮ್ಮ ಮಾವನವರು ಗೋಡೆ ಹಿಡ್ಕೊಂಡು ಓಡಾಡ್ತಿದ್ದಾರೆ!”

“ಇದೆಲ್ಲ... ನಿಮ್ಮನೇದಾ?”

“ಮತ್ತೆ? ನನ್ನ ಮಗ, ಆ ಕನ್ನಡಕದವನು, ಒಂದೊಂದಾಗಿ ಹೊತ್ಕೊಂಡು ಬಂದಿದ್ದಾನೆ. ಯಾಕೋ ಅಂದ್ರೆ, ಹೊಸ ಉಡುಗೊರೆ ಕೊಳ್ಳೋಕೆ ದುಡ್ಡಿಲ್ಲಮ್ಮ, ಕಟ್ಟೋಳನ್ನ ನೋಡ್ಬೇಕಲ್ಲ ಅಂತಾನೆ! ಬಿಚ್ಚೋಣ ಅಂದ್ರೆ, ಅವಳು ಕಟ್ಟಿದ್ದು, ಮುಟ್ಟಬೇಡ ಅಂತಾನೆ. ಈಗ ಎಂಟು ದಿನದಿಂದ ಸರಿಯಾಗಿ ಊಟಾನೂ ಇಲ್ಲ!”

ಹಿಂದಿನಿಂದ ಚಿಕ್ಕಮ್ಮ ಕಿಸಕ್ಕನೆ ನಕ್ಕಳು.

ಅವಳು ಮಾತ್ರ ಅಷ್ಟರಲ್ಲಿ ಬೀದಿ ದಾಟಿಯಾಗಿತ್ತು.

ಕನ್ನಡಕದ ಅಂಗಡಿಯಲ್ಲಿ ಅವನು ಒಬ್ಬ ಅಜ್ಜನಿಗೆ ಅಕ್ಷರದ ಪಟ ತೋರಿಸುತ್ತಿದ್ದ. ಅವಳನ್ನು ಕಂಡದ್ದೇ ತಡ, ಕೈಯಲ್ಲಿದ್ದ ಗಾಜು ಜಾರಿ ಠಣ್ಣನೆ ಬಿತ್ತು.

“ನಿಮ್ಮ ತಾತನ ಊರುಗೋಲನ್ನೂ ಬಿಡಲಿಲ್ವಲ್ರೀ!” ಬೈಯಲು ಬಂದವಳ ಕಣ್ಣು ತುಂಬಿತ್ತು. “ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?”

“ಬರಿಗೈಯಲ್ಲಿ ಬಂದು ಏನಂತ ಹೇಳ್ಲಿ? ನಿಮಗೊಂದು ಒಳ್ಳೇ ಉಡುಗೊರೆ ತಗೊಂಡು ಹೇಳೋಣ ಅಂತಿದ್ದೆ... ಈ ಸಂಬಳದಲ್ಲಿ...”

“ನಾನು ಕೇಳಿದ್ನಾ?”

“ನೀವು ಬೇರೆ ಕಡೆ ಹೋಗಿ ಅಂದ್ರಿ.”

“ನೀವು ‘ಅವಳು’ ಅಂದ್ರಿ!”

“ಅವಳು ಅಂದ್ರೆ ನೀವೇ... ಇನ್ಯಾರು?”

ಅಜ್ಜ ಕುರ್ಚಿಯಲ್ಲಿ ಮಿಸುಕಾಡಿದರು. “ಮಗೂ, ಆ ಪಟ ನಂಗೆ ಕಾಣ್ತಿಲ್ಲ. ಆದ್ರೆ ಇದು ಕನ್ನಡಕ ಇಲ್ದೇನೇ ಚೆನ್ನಾಗಿ ಕಾಣ್ತಿದೆ!”

ಅವಳು ನಾಚಿ ಬಾಗಿಲ ಕಡೆ ತಿರುಗಿದಳು. ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು.

“ನಾಳೆ ಏನು ತರ್ತೀರಿ?”

“ಮನೇಲಿ ಇನ್ನೇನೂ ಉಳಿದಿಲ್ಲ... ನಾನೊಬ್ಬ ಇದ್ದೀನಿ.”

“ಸರಿ, ಬನ್ನಿ.” ಅವಳು ಕಣ್ಣೊರೆಸಿಕೊಂಡು ನಕ್ಕಳು. “ನೀವು ಹೇಗಿದ್ದೀರೋ ಹಾಗೇ ಇಟ್ಕೋತೀನಿ.”